ನೂರಾ ನಾಲ್ಕು, ಆಯ್ತು

ಮೊನ್ನೆ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಹೊಗೆಸೊಪ್ಪಿನ ವಾಸನೆ ಬಂತು. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮೂರು ವರ್ಷದ ಹಿಂದಿನ ನನ್ನ ಪೆದ್ದತನ ನೆನಪಾಗಿ ಕಿವಿ ಬಿಸಿಯಾಯಿತು.

ನಾನು ಪಾಲಿಟೆಕ್ನಿಕ್ ಮೇಷ್ಟ್ರು. ನಮಗೊಂದು ಕಾಯಿಲೆ ಇದೆ ನೋಡಿ, ನೆಂಟರ ಮನೆಗೆ ಹೋದರೂ ಏನಾದರೊಂದು ಕೆದಕದೆ ಬರುವುದಿಲ್ಲ. ಆ ವರ್ಷ ಭಾವ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಅವರನ್ನು ನೋಡಿಕೊಳ್ಳುವುದೂ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುವುದೂ ಅಕ್ಕನ ತಲೆಗೇ ಬಿದ್ದಿತ್ತು. ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಕೋಣೆ. ಎಲೆ ಕಟ್ಟಿದ ಕಡ್ಡಿಗಳನ್ನು ಒಳಗೆ ಸಾಲಾಗಿ ನೇತುಹಾಕಿ, ಒಲೆಗೆ ಸೌದೆ ಹಾಕುತ್ತಾರೆ. ಮೊದಲ ದಿನಗಳಲ್ಲಿ ಶಾಖ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲೇ ನಿಲ್ಲಬೇಕು. ಜಾಸ್ತಿಯಾದರೆ ಎಲೆ ಹಳದಿ ತಿರುಗುವ ಮೊದಲೇ ಹಸಿರಾಗಿಯೇ ಒಣಗಿ, ಕೊಯ್ಲೆಲ್ಲ ಹಾಳಾಗುತ್ತದೆ.

ನಾನು ಬಿಡುತ್ತೇನೆಯೇ? ಶಾಖ ಅಳೆಯುವ ಸೆನ್ಸರ್, ಮೈಕ್ರೋಕಂಟ್ರೋಲರ್, ಬ್ಲೂಟೂತ್ ಎಲ್ಲ ಸೇರಿಸಿ ಬ್ಯಾರನ್ನಿಗೆ ಕಟ್ಟಿದೆ. ಭಾವನ ಮಂಚದ ಪಕ್ಕದ ಟ್ಯಾಬ್ಲೆಟ್ಟಿನಲ್ಲಿ ಅಂಕಿ ಮೂಡಿತು. 'ಅಕ್ಕಾ, ಇನ್ನು ಕೂತಲ್ಲೇ ನೋಡು' ಎಂದು ಬೀಗಿದೆ.

ಮಾರನೆಯ ಬೆಳಿಗ್ಗೆ ಟ್ಯಾಬ್ಲೆಟ್ ಹತ್ತು ಎಂದು ತೋರಿಸಿತು. ಬೆಂಕಿ ಆರುತ್ತಿದೆಯೆಂದು ನಾನೇ ಓಡಿಹೋಗಿ, ಕೆಂಡ ಕಣ್ಣೆದುರೇ ಇದ್ದರೂ ಅಂಕಿಯನ್ನೇ ನಂಬಿ ಒಲೆಗೆ ಸೌದೆ ತುರುಕಿದೆ. ಸ್ವಲ್ಪ ಹೊತ್ತಿಗೆ ಬಂದ ಅಕ್ಕ ಗೋಡೆಯ ಗಾಜಿನ ಕಿಂಡಿಯಿಂದ ಒಳಗಿನ ಥರ್ಮಾಮೀಟರ್ ನೋಡಿದಳು.

'ನೂರಾ ಎಂಟಾಗೋಗೈತೆ. ಸೌದೆ ಎಳಿಯಲಾ ಈಚೆಗೆ.'

ಇಬ್ಬರೂ ಉರಿಯುವ ಕೊರಡುಗಳನ್ನು ಎಳೆದು ನೀರು ಹೊಯ್ದೆವು. ಎಲೆ ಉಳಿಯಿತೋ ಇಲ್ಲವೋ ತಿಳಿಯಲು ಮರುದಿನದವರೆಗೆ ಕಾಯಬೇಕಿತ್ತು.

ಆಗಿದ್ದಿಷ್ಟು. ಬೆಳಿಗ್ಗೆ ನಿಜವಾಗಿ ಇದ್ದದ್ದು ನೂರಾ ನಾಲ್ಕು, ಆದರೆ ಬ್ಲೂಟೂತಿನಲ್ಲಿ ಅಂಕಿ ಕೆಲವು ಸಲ ಇಡಿಯಾಗಿ ಬರುವುದಿಲ್ಲ. ಮೊದಲು ಒಂದು, ಸೊನ್ನೆ ಬಂದು, ನಾಲ್ಕು ಹಿಂದೆ ಉಳಿಯುತ್ತದೆ. ಬಂದಷ್ಟನ್ನೇ ಪೂರ್ತಿ ಎಂದು ನನ್ನ ಪ್ರೋಗ್ರಾಂ ತೋರಿಸಿಬಿಟ್ಟಿತ್ತು. ಇದನ್ನು ವರ್ಷವರ್ಷವೂ ಪಾಠ ಮಾಡುವವನು ನಾನೇ, ನಾಚಿಕೆಗೇಡು.

ಅಕ್ಕನಿಗೆ ವಿವರಿಸಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

'ಕಡ್ಡಿ ಎಣಿಸೋನು ನೂರಾ ಅಂದ್ಬುಟ್ಟು ಕೆಮ್ಮುದ್ರೆ, ನೂರು ಅಂತ ಬರ್ಕತೀವಾ? ನೂರಾ ನಾಕು, ಆಯ್ತು ಅನ್ನಗಂಟ ಕಾಯ್ಕತೀವಿ ಕಣ್ಲಾ.'

ಅಂದೇ ಪ್ರತಿ ಅಂಕಿಯ ಕೊನೆಗೊಂದು ಗುರುತು ಸೇರಿಸಿದೆ. ಅದು ಬರುವವರೆಗೆ ಟ್ಯಾಬ್ಲೆಟ್ ತುಣುಕುಗಳನ್ನು ಕೂಡಿಟ್ಟುಕೊಳ್ಳಬೇಕು, ತೋರಿಸಬಾರದು. ಬಹಳ ಹೊತ್ತು ಬಾರದಿದ್ದರೆ ಹಳೆಯ ಅಂಕಿಯನ್ನೇ ಇಡೋಣ ಎಂದೆ.

'ಸುಳ್ಯಾಕೆ? ಗೊತ್ತಿಲ್ಲ ಅಂತ ಬರ್ಲಿ' ಅಂದಳು. ಹಾಗೇ ಬರೆದೆ.

ಮರುದಿನ ಅಕ್ಕ ಬ್ಯಾರನ್ನಿನಿಂದ ಒಂದು ಎಲೆ ಕಿತ್ತು ತಂದಳು. ನಿಂಬೆಹಣ್ಣಿನ ಬಣ್ಣ. ಅಬ್ಬ, ನನಗೆ ಹೋದ ಜೀವ ಬಂದಂತಾಯಿತು. ಭಾವ ಮಲಗಿದಲ್ಲೇ ಅದನ್ನು ಮೂಸಿ ನಕ್ಕರು.

ಮೊನ್ನೆ ಬಸ್ಸಿಳಿದು ಹೋದಾಗ ಅಕ್ಕ ಟ್ಯಾಬ್ಲೆಟ್ ಮುಂದಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಇಣುಕಿದರೆ 'ಗೊತ್ತಿಲ್ಲ' ಎಂದಿತ್ತು. ಕೆಟ್ಟಿತೇನೋ ಎಂದು ಪೆಚ್ಚಾದೆ. ಅವಳು ನಿಧಾನವಾಗಿ ಎದ್ದು, ಕಿಂಡಿಯಲ್ಲಿ ನೋಡಿ ಬಂದಳು.

'ಕೆಟ್ಟಿಲ್ಲ ಬುಡು. ಗೊತ್ತಿಲ್ದಿದ್ನ ಗೊತ್ತಿಲ್ಲ ಅಂತೈತೆ, ಅದಕ್ಕೇ ನಂಬ್ಕಂಡಿವ್ನಿ. ನಿನ್ ಬಾಯಿಂದ ಆ ಮಾತ್ನ ಇನ್ನೂ ಕೇಳಿಲ್ಲ.'

ನಿನ್ನೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಇಪ್ಪತ್ತು ವರ್ಷದಿಂದ ಇಂಥ ಹೊತ್ತಿನಲ್ಲಿ ಬೋರ್ಡಿನ ಕಡೆ ತಿರುಗಿ ಏನಾದರೊಂದು ಗೀಚುವವನು ನಾನು.

'ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ' ಎಂದೆ. ಎಷ್ಟು ಹಗುರವಾಯಿತು ಅಂತೀರಿ.