ಲಿಫ್ಟಮ್ಮನ ಕತ್ತಿಲ್ಲದ ಸ್ವೆಟರುಗಳು

"ಹಿಂಡು, ಇನ್ನೂ ಹಿಂಡು. ನಿನ್ನ ಕಡೆಯಿಂದ ನೀರು ಸೋರ್ತಾನೇ ಇದೆ ನೋಡು."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಂಬಾಗಿಲ ಹೊರಗೆ ಒದ್ದೆ ಹೊದಿಕೆಯ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಮಗಳು ಅರೆನಿದ್ದೆಯಲ್ಲೇ ತಿರುಚುತ್ತಿದ್ದಾಳೆ. ಅಷ್ಟರಲ್ಲಿ ಅಡುಗೆಮನೆಯಿಂದ ಕಟಕಟ ಸದ್ದು ಕೇಳಿಸುತ್ತದೆ. ಲೋಹಕ್ಕೆ ಲೋಹ ತಾಗುವ ಆ ಸದ್ದು ತಾಯಿಗೆ ಚೆನ್ನಾಗಿ ಗೊತ್ತು. ಹೊದಿಕೆಯನ್ನು ಹಾಗೇ ಕೈಬಿಟ್ಟು ಒಳಗೆ ಓಡುತ್ತಾರೆ. ಹಿಂಡಿದ ಹೊದಿಕೆ ಮತ್ತೆ ಮಣ್ಣಿಗೆ.

ಒಳಗೆ ಯಜಮಾನರು ಪಾತ್ರೆ ತೊಳೆಯುವ ತೊಟ್ಟಿಯ ತೂತಿಗೆ ಉದ್ದನೆಯ ಹೆಣಿಗೆ ಕಡ್ಡಿ ತೂರಿಸಿ ಕೆದಕುತ್ತಿದ್ದಾರೆ.

"ರೀ, ಆ ಕಡ್ಡಿ ಎಲ್ಲಿಂದ ತಗೊಂಡ್ರಿ?"

"ಸುಮ್ನೆ ಬಿದ್ದಿತ್ತಪ್ಪ. ನೀರು ಇಳೀತಾನೇ ಇರಲಿಲ್ಲ."

"ಸುಮ್ನೆ ಎಲ್ಲಿ ಬಿದ್ದಿತ್ತು? ಅದರ ಮೇಲೆ ಶಾಲು ಇತ್ತು!"

"ಶಾಲಿಗೇನೂ ಆಗಿಲ್ಲ ಮಾರಾಯ್ತಿ. ಒಂದು ಕುಣಿಕೆನೂ ಬಿಡದ ಹಾಗೆ ಇನ್ನೊಂದಕ್ಕೆ ದಾಟಿಸಿದ್ದೀನಿ."

"ಇನ್ನೊಂದು ಅಂದ್ರೆ ಯಾವುದಕ್ಕೆ?"

ಯಜಮಾನರು ತೂತಿನ ಮೇಲೆ ಇನ್ನಷ್ಟು ಬಗ್ಗುತ್ತಾರೆ. "ಪೆನ್ಸಿಲಿಗೆ."

ಕೋಣೆಯ ಮೂಲೆಯಲ್ಲಿ ಕೂತ ಅತ್ತೆ ಬಾಯಿಗೆ ಸೆರಗು ಒತ್ತಿ ನಗುತ್ತಾರೆ. ಈ ಮನೆಯಲ್ಲಿ ದಿನ ಶುರುವಾಗುವುದೇ ಹೀಗೆ.

ಊರ ನಡುವಿನ ಹಳೆಯ ಆರು ಮಹಡಿ ಕಟ್ಟಡಕ್ಕೆ ಬರುವವರೆಲ್ಲ, ಅಲ್ಲಿ ಲಿಫ್ಟು ನಡೆಸುವ ಈ ತಾಯಿಯನ್ನು ಲಿಫ್ಟಮ್ಮ ಎಂದೇ ಕರೆಯುತ್ತಾರೆ. ಹೆಸರು ಕೇಳಿದವರಿಲ್ಲ, ಇವರು ಹೇಳಿದ್ದೂ ಇಲ್ಲ. ಎರಡು ಜಾಲರಿ ಬಾಗಿಲು, ಒಂದು ಹಿತ್ತಾಳೆಯ ಹಿಡಿ, ಒಂದು ಮರದ ಸ್ಟೂಲು ಇರುವ ಹಳೇ ಕಾಲದ ಲಿಫ್ಟು ಅದು. ಹಿಡಿ ತಿರುಗಿಸಿದರೆ ಹೊರಡುತ್ತದೆ, ಮತ್ತೆ ತಿರುಗಿಸಿದರೆ ನಿಲ್ಲುತ್ತದೆ. ಎಲ್ಲಿ ತಿರುಗಿಸಬೇಕು ಎನ್ನುವುದು ಕೈಗೆ ಗೊತ್ತಿರಬೇಕು. ಬೆರಳಷ್ಟು ಆಚೀಚೆಯಾದರೂ ವಯಸ್ಸಾದವರು ಎಡವುತ್ತಾರೆ. ಇವರ ಕೈಯಲ್ಲಿ ಲಿಫ್ಟು ಮಹಡಿಯ ನೆಲಕ್ಕೆ ಸರಿಸಮನಾಗಿ ಬಂದು ನಿಲ್ಲುತ್ತದೆ. ನಾಲ್ಕನೆಯ ಮಹಡಿಯ ಕಣ್ಣಿನ ಡಾಕ್ಟರ ಬಳಿ ಬರುವವರು, ಕಾಲಿಡುವ ಮುಂಚೆ ನೆಲ ನೋಡುವುದನ್ನೇ ಬಿಟ್ಟಿದ್ದಾರೆ.

ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀರಿ ಎಂದು ಕೇಳಿದರೆ ಇವರಿಗೆ ನಗು. "ಅದನ್ನ ಎಣಿಸಿದ್ರೆ ಕುಣಿಕೆ ಲೆಕ್ಕ ತಪ್ಪುತ್ತೆ. ಕೆಳಗಿಂದ ಮೇಲಕ್ಕೆ ಅರ್ಧ ಸಾಲು, ಮೇಲಿಂದ ಕೆಳಕ್ಕೆ ಅರ್ಧ ಸಾಲು. ಜನ ಕಮ್ಮಿ ಇದ್ದ ದಿನ ಒಂದು ತೋಳು ಮುಗಿಯುತ್ತೆ."

ಹೌದು, ಹಿಡಿ ತಿರುಗಿಸಿ ಕೈ ಖಾಲಿಯಾದ ಕೂಡಲೇ ಸ್ಟೂಲಿನ ಕೆಳಗಿನ ಬಟ್ಟೆ ಚೀಲದಿಂದ ಹೆಣಿಗೆ ಹೊರಬರುತ್ತದೆ. ಈಗ ಇರುವುದು ಮಗಳಿಗೆಂದು ಶುರುವಾದ ಕೆಂಪು ಸ್ವೆಟರು. ಮನೆಯಲ್ಲಿ ಬೇರೆ ಇವೆ. ಟೀವಿಯ ಪಕ್ಕ ಅರ್ಧ ಕಾಲುಚೀಲ, ಮಂಚದ ಕೆಳಗೆ ನಾಲ್ಕು ಬಣ್ಣದ ಕಂಬಳಿ, ಯಜಮಾನರ ಕೈಯಿಂದ ಪೆನ್ಸಿಲಿಗೇರಿದ ಶಾಲು, ಅಕ್ಕಿ ಡಬ್ಬದ ಮೇಲೆ ಯಾರಿಗೆಂದೇ ತೀರ್ಮಾನವಾಗದ ಹಸಿರು ಏನೋ ಒಂದು. ಒಂದರ ಮುಂದೆ ಕೂತರೆ ಇನ್ನೊಂದು ಕರೆಯುತ್ತದೆ. ಅನ್ನ ಬೇಯುವ ಹೊತ್ತಿನಲ್ಲಿ ಕಂಬಳಿ, ಚಹಾ ಆರುವ ಹೊತ್ತಿನಲ್ಲಿ ಕಾಲುಚೀಲ. ಎದ್ದು ಕೂತು, ಕೂತು ಎದ್ದು, ಚಹಾ ಯಾವಾಗಲೂ ತಣ್ಣಗೇ ಗಂಟಲಿಗಿಳಿಯುತ್ತದೆ.

"ನಮ್ಮಮ್ಮನ ಕಾಲಿಗೂ ಲಿಫ್ಟಿನ ಹಿಡಿ ಇದೆ. ಯಾರೋ ತಿರುಗಿಸಿ ಮರೆತುಬಿಟ್ಟಿದ್ದಾರೆ," ಎನ್ನುತ್ತಾಳೆ ಮಗಳು.

ಇಷ್ಟಾದರೂ ಈ ಮನೆಯ ಒಂದು ಸ್ವೆಟರಿಗೂ ಕತ್ತಿಲ್ಲ.

ಬೆನ್ನಿದೆ, ಎದೆಯಿದೆ, ತೋಳುಗಳಿವೆ, ಭುಜದ ಹೊಲಿಗೆಯೂ ಆಗಿದೆ. ಕತ್ತಿನ ಸುತ್ತ ಮಾತ್ರ ಮುಗಿಯದ ಕುಣಿಕೆಗಳು ಸಾಲಾಗಿ ಬಾಯ್ತೆರೆದು ನಿಂತಿವೆ. ಬಿಚ್ಚಿಹೋಗದಿರಲೆಂದು ಅವಕ್ಕೆ ದೊಡ್ಡ ಪಿನ್ನುಗಳನ್ನು ಚುಚ್ಚಿಟ್ಟಿದ್ದಾರೆ. ಮನೆಯವರು ಪಿನ್ನಿನ ಸಮೇತವೇ ತೊಡುತ್ತಾರೆ. ಯಜಮಾನರು ಶಾಲೆಯ ವ್ಯಾನು ಓಡಿಸುವವರು. ವ್ಯಾನಿನ ಮಕ್ಕಳು ಅವರನ್ನು ಪಿನ್ನಂಕಲ್ ಎನ್ನುತ್ತವೆ. ಅತ್ತೆಯಂತೂ ತಮ್ಮ ಸ್ವೆಟರಿನ ಪಿನ್ನಿಗೆ ಬೀಗದ ಕೈ ನೇತುಹಾಕಿಕೊಂಡಿದ್ದಾರೆ. "ಇರೋದನ್ನ ಉಪಯೋಗಿಸ್ಕೋಬೇಕಲ್ಲ. ಕತ್ತು ಬರೋ ತನಕ ನಾನಿರ್ತೀನೋ ಇಲ್ವೋ."

ಕತ್ತು ಯಾಕಿಲ್ಲ ಎಂದರೆ ಲಿಫ್ಟಮ್ಮ ಮೊದಲು ಹೇಳುವುದು, "ಟೈಮೆಲ್ಲಿದೆ?" ಎಂದು. ಎರಡನೆಯ ಸಲ ಕೇಳಿದರೆ, "ನಂಗೆ ಉದ್ದಕ್ಕೆ ಓಡೋದು ಬರುತ್ತೆ, ಸುತ್ತಿ ಮುಗಿಸೋದು ಬರಲ್ಲ," ಎನ್ನುತ್ತಾರೆ. ಮೂರನೆಯ ಸಲಕ್ಕೆ ಹಿಡಿ ತಿರುಗಿಸಿ, ಜಾಲರಿಯಾಚೆ ಕೆಳಗಿಳಿಯುವ ಗೋಡೆಯನ್ನು ನೋಡುತ್ತ ನಿಜ ಹೇಳುತ್ತಾರೆ. "ಕತ್ತು ನಮ್ಮಕ್ಕನ ಕೆಲಸ."

ಅಕ್ಕತಂಗಿಯರಿಗೆ ಹೆಣಿಗೆ ಕಲಿಸಿದ್ದು ಅಮ್ಮ. ಶಾಲೆ ಬಿಟ್ಟು ಬಂದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ತಂಗಿಗೆ ಆತುರ, ಮೈ ತೋಳು ಸರಸರ ಹೆಣೆದು ಬಿಸಾಡುವಳು. ಅಕ್ಕನಿಗೆ ತಾಳ್ಮೆ. ಅಂಚಿನಿಂದ ಒಂದೊಂದೇ ಕುಣಿಕೆ ಎತ್ತಿಕೊಂಡು, ಪಟ್ಟಿ ಹೆಣೆದು, ಅದನ್ನು ಒಳಕ್ಕೆ ಮಡಿಸಿ, ಹೊಲಿಗೆ ಕಾಣದ ಹಾಗೆ ಕೂರಿಸುವಳು. ಯಾರೂ ಯಾರಿಗೂ ಹೇಳಿದ್ದಲ್ಲ, ಹಾಗೇ ರೂಢಿಯಾಯಿತು. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೂ ತಂಗಿ ತುಂಡುಗಳನ್ನು ಚೀಲದಲ್ಲಿ ಕಟ್ಟಿ ಕಳಿಸುವುದು, ಅಕ್ಕ ಕತ್ತು ಹಾಕಿ ವಾಪಸು ಕಳಿಸುವುದು ನಡೆದೇ ಇತ್ತು.

ಅದು ನಿಂತದ್ದು ಒಂದು ಬೂದು ಬಣ್ಣದ ಸ್ವೆಟರಿನಿಂದ. ಅದನ್ನು ಅಕ್ಕನಿಗೆಂದೇ ಹೆಣೆಯುತ್ತಿದ್ದದ್ದು. ಅಮ್ಮ ಹಾಸಿಗೆ ಹಿಡಿದಿದ್ದ ದಿನಗಳು. ಪಕ್ಕದಲ್ಲಿ ತಂಗಿ, ಕೈಯಲ್ಲಿ ಆ ಸ್ವೆಟರಿನ ಬೆನ್ನು, ಬೆನ್ನಿನ ನಡುವೆ ಜಡೆ ಹೆಣೆದ ಹಾಗೆ ಇಳಿಯುವ ಡಿಸೈನು. ಜಡೆಯ ಎಳೆಗಳನ್ನು ಪ್ರತಿ ಸಲ ಒಂದೇ ಕಡೆಗೆ ತಿರುಗಿಸಬೇಕು. ಒಂದು ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು ಕೇಳಿದರು. "ದೊಡ್ಡವಳು ಬಂದಳಾ?"

"ಹಗಲೂ ರಾತ್ರಿ ಪಕ್ಕದಲ್ಲಿ ಕೂತಿದ್ದವಳು ನಾನು. ಕೇಳಿದ್ದು ಅವಳನ್ನ," ಎನ್ನುತ್ತಾರೆ ಲಿಫ್ಟಮ್ಮ. "ಕೈ ತಪ್ಪಿ ಜಡೆ ಉಲ್ಟಾ ತಿರುಗ್ತು. ಆಮೇಲೆ ಅಮ್ಮ ಮಾತೇ ಆಡಲಿಲ್ಲ. ತಪ್ಪಿದ್ದು ಕಾಣಿಸ್ತು, ಆದ್ರೆ ಬಿಚ್ಚೋಕೆ ಮನಸ್ಸು ಬರಲಿಲ್ಲ. ಅಮ್ಮನ ಮಾತು ಅದರೊಳಗೆ ಸಿಕ್ಕಿಕೊಂಡಿದೆ ಅನ್ನಿಸ್ತು. ಹಾಗೇ ಮುಂದಕ್ಕೆ ಹೆಣೆದೆ."

ಅಮ್ಮನ ಕಾರ್ಯವೆಲ್ಲ ಮುಗಿದ ಮೇಲೆ ತುಂಡುಗಳು ಎಂದಿನಂತೆ ಅಕ್ಕನ ಮನೆಗೆ ಹೋದವು. ಸ್ವಲ್ಪ ದಿನ ಬಿಟ್ಟು ತಂಗಿ ಹೋಗಿ ನೋಡುತ್ತಾರೆ, ಬೆನ್ನಿನ ಜಡೆ ಮೇಲಿಂದ ಕೆಳಗಿನವರೆಗೆ ನೆಟ್ಟಗಿದೆ. ಅಕ್ಕ ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆದಿದ್ದಳು. "ಒಂದು ಕಡೆ ತಪ್ಪಿತ್ತು ಕಣೇ, ಸರಿ ಮಾಡಿದೀನಿ," ಎಂದಳು, ಉಪಕಾರ ಮಾಡಿದ ಮುಖದಲ್ಲಿ. ಪಾಪ, ಅವಳಿಗೇನು ಗೊತ್ತು? ಹೇಳಿದರಲ್ಲವೇ ಗೊತ್ತಾಗುವುದು. ತಂಗಿ ಹೇಳಲಿಲ್ಲ. ಕತ್ತು ಇನ್ನೂ ಆಗಿರದ ಆ ಸ್ವೆಟರನ್ನು ಚೀಲಕ್ಕೆ ತುರುಕಿಕೊಂಡು ಮೊದಲ ಬಸ್ಸಿಗೇ ವಾಪಸಾದರು.

ಅಂದಿನಿಂದ ಈ ಮನೆಯಲ್ಲಿ ಕತ್ತಿಲ್ಲ. ಫೋನಿದೆ. ಇಬ್ಬರೂ ಅಲ್ಲಿ ಚಳಿ ಹೇಗಿದೆ, ಇಲ್ಲಿ ಚಳಿ ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತಾರೆ. ಹೋದ ವರ್ಷ ಅಕ್ಕ ಒಂದು ಕಾಗದ ಬರೆದಳು. "ನಿನ್ನನ್ನು ಕೇಳಿ ಬಿಚ್ಚಬೇಕಾಗಿತ್ತು. ಯಾಕೆ ಸಿಟ್ಟು ಅಂತ ಹೇಳಿದ್ದರೆ ಚೆನ್ನಾಗಿತ್ತು." ಅದಕ್ಕೆ ಉತ್ತರ ಹೆಣಿಗೆ ಚೀಲದೊಳಗೇ ಇದೆ. ಉತ್ತರ ಎಂದರೆ ಮೇಲ್ಗಡೆ "ಅಕ್ಕನಿಗೆ" ಎಂದು ಬರೆದ ಹಾಳೆ. ಅಂಥ ಹಾಳೆಗಳು ಎಷ್ಟೋ ಆಗಿವೆ. ಕೆಲವು ಉಲ್ಲನ್ ಉಂಡೆಯ ಒಳಗೆ ಸುತ್ತಿಹೋಗಿವೆ.

ಮಗಳು ಒಮ್ಮೆ ಮೊಬೈಲು ಹಿಡಿದು ಕೂತಳು. "ಅಮ್ಮಾ, ಕತ್ತು ಹಾಕೋದು ವಿಡಿಯೋದಲ್ಲಿದೆ. ಹತ್ತೇ ನಿಮಿಷ. ನೋಡ್ಕೊಂಡು ಕಲಿತುಬಿಡು."

"ಕಲೀಬಹುದು ಕಣೇ. ಕಲಿತುಬಿಟ್ರೆ ಅಕ್ಕ ಬೇಡ ಅಂದ ಹಾಗಾಗುತ್ತೆ."

"ಸಿಟ್ಟೂ ಬೇಕು, ಅಕ್ಕನೂ ಬೇಕು ನಿಂಗೆ."

"ಎರಡೂ ಬೇಕು. ಏನೀಗ?"

ಕಳೆದ ವಾರದವರೆಗೂ ಇದು ಹೀಗೇ ನಡೆದಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಲು ಹೊರ ಊರಿನ ಹೆಂಗಸೊಬ್ಬರು ಲಿಫ್ಟು ಹತ್ತಿದರು. ಕಂದು ಬಣ್ಣದ ಸ್ವೆಟರು ತೊಟ್ಟಿದ್ದರು. ಲಿಫ್ಟಮ್ಮ ಅಭ್ಯಾಸದಂತೆ ಮೊದಲು ಕತ್ತು ನೋಡಿದರು. ಒಳಕ್ಕೆ ಮಡಿಸಿದ ಪಟ್ಟಿ, ಹೊಲಿಗೆ ಕಾಣುವುದಿಲ್ಲ. ಎಡ ಭುಜದ ಹತ್ತಿರ ಪಟ್ಟಿ ಕೂಡುವ ಜಾಗದಲ್ಲಿ ಒಂದೇ ಒಂದು ಕುಣಿಕೆ ಅಡ್ಡಕ್ಕಿದೆ. ಅದನ್ನು ಹಾಗೆ ಹಾಕುವವಳು ಒಬ್ಬಳೇ.

"ಈ ಕತ್ತು ಯಾರು ಹಾಕಿಕೊಟ್ಟಿದ್ದು?"

"ನಮ್ಮ ಪಕ್ಕದ ಮನೆಯವರು. ಮೊದಲು ಇಡೀ ಸ್ವೆಟರೇ ಹೆಣೀತಿದ್ರು. ಈಗ ಮಣಿಕಟ್ಟು ನೋವು, ಹೆಚ್ಚು ಹೊತ್ತು ಆಗಲ್ಲ. ಆದ್ರೂ ಯಾರಾದ್ರೂ ಕತ್ತು ಉಳಿದಿದೆ ಅಂತ ತಂದ್ರೆ ಇಲ್ಲ ಅನ್ನಲ್ಲ. 'ನಮ್ಮನೆಗೂ ಹೀಗೇ ಒಂದು ಚೀಲ ಬರ್ತಿತ್ತು' ಅಂತಾರೆ. ನಿಮಗೆ ಗೊತ್ತಾ ಅವರು?"

"ಗೊತ್ತು," ಎಂದರು ಲಿಫ್ಟಮ್ಮ. ಅಷ್ಟೇ ಅಂದದ್ದು. ನನ್ನಕ್ಕ ಎನ್ನಲಿಲ್ಲ.

ಕೈ ಹಿಡಿಯ ಮೇಲಿತ್ತು, ಕಣ್ಣು ಕತ್ತಿನ ಮೇಲಿತ್ತು. ನಾಲ್ಕನೆಯ ಮಹಡಿ ಬಂದು ಹೋಗಿ, ಲಿಫ್ಟು ಅರ್ಧ ಮಹಡಿ ಮೇಲೆ ಹೋಗಿ ಗೋಡೆಯ ಎದುರು ನಿಂತಿತು. ಇಷ್ಟು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಕೆಳಗಿನಿಂದ ಕಣ್ಣಿನ ಡಾಕ್ಟರ ಕಾಂಪೌಂಡರು ಕೂಗಿದ. "ಏನ್ ಲಿಫ್ಟಮ್ಮ, ಇವತ್ತು ಪೇಷೆಂಟನ್ನ ನೇರವಾಗಿ ಮೇಲಕ್ಕೇ ಕಳಿಸ್ತಿದ್ದೀರಾ?"

ಆ ಸಂಜೆ ಮನೆಯಲ್ಲಿ ಕಡ್ಡಿಗಳ ಸದ್ದಿಲ್ಲ. ಲಿಫ್ಟಮ್ಮ ಕಾಲುಚೀಲ ಎತ್ತುತ್ತಾರೆ, ಇಡುತ್ತಾರೆ. ಕಂಬಳಿ ಎಳೆಯುತ್ತಾರೆ, ತಳ್ಳುತ್ತಾರೆ. ಕೊನೆಗೆ ಕುರ್ಚಿ ಹತ್ತಿ ಬೀರುವಿನ ಮೇಲಿನ ಚೀಲ ಇಳಿಸುತ್ತಾರೆ. ಬೂದು ಸ್ವೆಟರು ಹೊರಗೆ ಬರುತ್ತದೆ. ಅಕ್ಕ ಹೆಣೆದ ಆ ನೆಟ್ಟನೆಯ ಬೆನ್ನನ್ನು ಬಿಚ್ಚಿ, ಮೊದಲಿದ್ದ ಹಾಗೆಯೇ ತಪ್ಪಾಗಿ ಹೆಣೆಯಬೇಕೆಂದು ಇವರು ಹಿಂದೆ ಕೂತದ್ದೂ ಉಂಟು. ಅಕ್ಕ ನೂಲಿನ ತುದಿಯನ್ನು ಎಷ್ಟು ನಾಜೂಕಾಗಿ ಅಡಗಿಸಿದ್ದಳೆಂದರೆ, ಹುಡುಕಿ ಹುಡುಕಿ ಕಣ್ಣು ನೋವು ಬಂತೇ ಹೊರತು ತುದಿ ಸಿಗಲಿಲ್ಲ. ಆಗ ಇನ್ನಷ್ಟು ಸಿಟ್ಟು ಬಂದಿತ್ತು. ಈಗ ಅದೇ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದಾರೆ. ಇದನ್ನು ಹೆಣೆಯುವಾಗ ಅವಳ ಮಣಿಕಟ್ಟು ನೋಯುತ್ತಿತ್ತೋ ಏನೋ.

ಅತ್ತೆ ಕನ್ನಡಕ ಏರಿಸಿ ನೋಡುತ್ತಾರೆ. "ಚೆನ್ನಾಗಿ ಹೆಣೆದಿದ್ದಾಳಲ್ಲೇ."

"ಚೆನ್ನಾಗಿರೋದೇ ಕಷ್ಟ ಅತ್ತೆ."

"ನೀನು ಪಕ್ಕದಲ್ಲೇ ಕೂತಿದ್ರೂ ಅಮ್ಮ ಕರೆದದ್ದು ಅವಳನ್ನ, ನಿಜ. ಆದ್ರೆ ಅವಳಿಗೆ ಆ ಕರೆಯೂ ಕೇಳಿಸಲಿಲ್ಲವಲ್ಲ. ನೀನು ತಾನೇ ಇಟ್ಕೊಂಡಿರೋದು?"

ಲಿಫ್ಟಮ್ಮ ಬೂದು ಸ್ವೆಟರನ್ನು ಮಡಿಸಿಡುತ್ತಾರೆ. ಎದ್ದು ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆಯುತ್ತಾರೆ.

ಮರುದಿನ ಮಧ್ಯಾಹ್ನ ಕಟ್ಟಡದಲ್ಲಿ ಕರೆಂಟು ಹೋಗುತ್ತದೆ. ಲಿಫ್ಟು ಕೆಳಗೇ ನಿಂತಿದೆ. ಜನ ಗೊಣಗಿಕೊಂಡು ಮೆಟ್ಟಿಲು ಹತ್ತುತ್ತಾರೆ. ಲಿಫ್ಟು ಮೇಲೇರುವುದಿಲ್ಲ, ಕೆಳಗಿಳಿಯುವುದಿಲ್ಲ, ಸ್ಟೂಲಿನ ಮೇಲೆ ಕೂತ ಲಿಫ್ಟಮ್ಮನಿಗೆ ಮಾಡಲು ಏನೂ ಇಲ್ಲ. ಕಾಲು ತನ್ನಷ್ಟಕ್ಕೆ ಕುಣಿಯುತ್ತದೆ. ಕೈ ಚೀಲಕ್ಕೆ ಹೋಗುತ್ತದೆ, ಕೆಂಪು ಸ್ವೆಟರಿನ ಬದಲು ಹಾಳೆ ಸಿಗುತ್ತದೆ. "ಅಕ್ಕನಿಗೆ" ಎಂದು ಆಗಲೇ ಇದೆ. ಮುಂಬಾಗಿಲಿನಿಂದ ಬೀಳುವ ಬೆಳಕಿನಲ್ಲಿ, ತೊಡೆಯ ಮೇಲಿಟ್ಟುಕೊಂಡು, ಅದರ ಕೆಳಗೆ ಬರೆಯುತ್ತಾರೆ:

"ಬೆನ್ನಿನ ಜಡೆ ತಪ್ಪಿದ್ದು ನನಗೆ ಗೊತ್ತಿತ್ತು. ಅಮ್ಮ ಕಣ್ಣು ಬಿಟ್ಟು ದೊಡ್ಡವಳು ಬಂದಳಾ ಅಂತ ಕೇಳಿದ್ದು ಆ ಸಾಲಿನಲ್ಲಿ. ಅದೇ ಅವಳ ಕೊನೇ ಮಾತು. ನಿನಗೆ ಸೇರಬೇಕಾದ ಮಾತನ್ನು ಹೊಟ್ಟೆಕಿಚ್ಚಿಗೆ ನಾನೇ ಇಟ್ಟುಕೊಂಡೆ. ಈಗ ಕಳಿಸಿದ್ದೇನೆ. ಬೆನ್ನು ನಿನ್ನದು, ಎದೆ ತೋಳು ನನ್ನದು. ಕೈ ನೋವಿಲ್ಲದ ದಿನ ನೋಡಿಕೊಂಡು ಕತ್ತು ಹಾಕು. ಹಾಕಿ, ತೊಟ್ಟುಕೊಂಡು ಬಾ. ಇಲ್ಲಿ ಇನ್ನೂ ಐದಾರು ಕತ್ತು ಕಾಯುತ್ತಿವೆ. ಅತ್ತೆ ಕತ್ತಿನ ಪಿನ್ನಿಗೆ ಬೀಗದ ಕೈ ನೇತುಹಾಕಿಕೊಂಡಿದ್ದಾರೆ."

ಕರೆಂಟು ಬರುತ್ತದೆ. ಮೇಲಿನಿಂದ ಗಂಟೆ ಹೊಡೆದುಕೊಳ್ಳುತ್ತದೆ. ಆರನೆಯ ಮಹಡಿಯವರಿಗೆ ಅವಸರ. ಲಿಫ್ಟಮ್ಮ ಹಾಳೆ ಮಡಿಸಿ, ಬೆಳಿಗ್ಗೆಯೇ ಯಾಕೋ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಬೂದು ಸ್ವೆಟರಿನೊಳಗೆ ಸೇರಿಸುತ್ತಾರೆ. ಜಾಲರಿ ಬಾಗಿಲಿಗೆ "ಈಗ ಬರುತ್ತೇನೆ" ಎಂಬ ಬೋರ್ಡು ತಗುಲಿಸಿ ರಸ್ತೆ ದಾಟುತ್ತಾರೆ, ನಡೆದಲ್ಲ, ಓಡಿಕೊಂಡು. ಮನಸ್ಸು ಬದಲಾಗುವ ಮೊದಲು ಸೇರಬೇಕು.

ಅಂಚೆ ಕಚೇರಿಯ ಕೌಂಟರಿನಲ್ಲಿ ಗುಮಾಸ್ತ ಪೊಟ್ಟಣವನ್ನು ಒತ್ತಿ ನೋಡುತ್ತಾನೆ. "ಏನಿದೆ ಇದರಲ್ಲಿ?"

"ಸ್ವೆಟರು. ಜೊತೆಗೊಂದು ಕಾಗದ."

"ಏನೋ ಚುಚ್ಚುತ್ತಲ್ರೀ."

"ಪಿನ್ನುಗಳು. ತೆಗೀಬೇಡಿ, ಎಲ್ಲ ಬಿಚ್ಚಿಹೋಗುತ್ತೆ."

ಗುಮಾಸ್ತ ಮುಖ ನೋಡುತ್ತಾನೆ, ಮುದ್ರೆ ಎತ್ತಿಕೊಳ್ಳುತ್ತಾನೆ. "ಹೊಸದೋ, ಹಳೇದೋ?"

"ಇನ್ನೂ ಮುಗಿದಿಲ್ಲಪ್ಪ," ಎನ್ನುತ್ತಾರೆ ಲಿಫ್ಟಮ್ಮ. "ಮುಗಿಸೋರ ಹತ್ರ ಹೋಗ್ತಾ ಇದೆ."

ಮುದ್ರೆ ಬೀಳುತ್ತದೆ.