ಸಂಪಾಜೆಯಲ್ಲಿ ಪಾಸಾದ ಪುಟ

ಮೈಸೂರು ಬಿಟ್ಟ ಬಸ್ಸು ಕುಶಾಲನಗರ ದಾಟುವ ಹೊತ್ತಿಗೆ ಚಳಿ ಕಿಟಕಿಯ ಸಂದಿಯಿಂದ ಒಳಗೆ ಬರತೊಡಗಿತ್ತು. ಡಿಸೆಂಬರಿನಲ್ಲೂ ಮೋಡ ಕವಿದಿತ್ತು. ಒಣಗಬೇಕಾದ ಕಾಫಿಯ ಮೇಲೆ ಅಂಗಳ ಅಂಗಳಕ್ಕೂ ಟಾರ್ಪಾಲು ಹೊದಿಸಿದ್ದರು. ಪಕ್ಕದಲ್ಲಿ ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, "ಪಿಕ್ಕಿಂಗ್ ಟೈಮಲ್ಲಿ ಹಿಂಗಾದ್ರೆ ಬೂಷ್ಟು ಹಿಡೀತದೆ" ಎಂದವರು ಮಡಿಕೇರಿಯಲ್ಲಿ ನನ್ನ ಜೊತೆಗೇ ಇಳಿದರು.

ಜನ ವೆಬ್‌ಸೈಟು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡುವುದು ನನ್ನ ಕೆಲಸ. ಬೆರಳು ಎಲ್ಲಿ ತಡವರಿಸುತ್ತದೆ, ಯಾವ ಬಟನ್ ಕಣ್ಣಿಗೆ ಬೀಳುವುದಿಲ್ಲ ಎಂದು ಗುರುತು ಹಾಕಿಕೊಳ್ಳುತ್ತೇನೆ. ಅಮ್ಮ ಇದನ್ನು ಕೂತು ತಿನ್ನುವ ಕೆಲಸ ಎನ್ನುತ್ತಾಳೆ. ಈ ಸಲ ಘಟ್ಟದ ಕೆಳಗಿನ ಒಂದು ಆಸ್ಪತ್ರೆಯ ಹೊಸ ವೆಬ್‌ಸೈಟು. ಡಾಕ್ಟರ ಭೇಟಿಗೆ ದಿನ ಗೊತ್ತು ಮಾಡಿಕೊಳ್ಳುವ ಪುಟವನ್ನು ಕೊಡಗಿನವರ ಕೈಯಲ್ಲಿ ಬಳಸಿಸಿ ನೋಡಬೇಕಿತ್ತು.

ಮರುದಿನ ಘಟ್ಟ ಇಳಿದು ಸಂಪಾಜೆಗೆ ಹೋದೆ. ಪುಟ ಬಳಸಿ ನೋಡಲು ಒಪ್ಪಿದ್ದ ಕುಸುಮಕ್ಕನ ಮನೆ ರಬ್ಬರ್ ತೋಟದ ಹಿಂದಿತ್ತು. ಅವರ ಗಂಡ ಮೋನಪ್ಪಣ್ಣ ಜಗಲಿಯಲ್ಲಿ ಕೂತಿದ್ದರು. ಎದ್ದು ಒಳಗೆ ಹೋಗುವಷ್ಟರಲ್ಲಿ ಏದುಸಿರು ಬಿಟ್ಟರು. ಹೃದಯದ ಡಾಕ್ಟರಿಗೆ ಬೇಗ ತೋರಿಸಿ ಎಂದು ಮಡಿಕೇರಿಯಲ್ಲಿ ಹೇಳಿದ್ದರಂತೆ. ಇದೇ ಆಸ್ಪತ್ರೆಯ ಹಳೆಯ ವೆಬ್‌ಸೈಟಿನಲ್ಲಿ ಕುಸುಮಕ್ಕ ಎಷ್ಟೋ ಸಂಜೆ ಒದ್ದಾಡಿದರೂ ದಿನ ಸಿಕ್ಕಿರಲಿಲ್ಲ.

ಅಕ್ಕಿರೊಟ್ಟಿ, ಕಾಯಿಚಟ್ನಿ, ಬೆಲ್ಲದ ಕಾಫಿ ಕೊಟ್ಟರು. ತಿಂದು ಮುಗಿಸಿ ಎಂದಿನ ಪಾಠ ಒಪ್ಪಿಸಿದೆ: "ಇದು ಬರೀ ಮಾದರಿ ಪುಟ. ಪರೀಕ್ಷೆ ನಿಮಗಲ್ಲ ಅಕ್ಕ, ಪುಟಕ್ಕೆ." ವಿಡಿಯೋ ಚಾಲೂ ಮಾಡಿ ಲ್ಯಾಪ್‌ಟಾಪ್ ಅವರ ಮುಂದಿಟ್ಟೆ. ಅವರು ಗಂಡನ ಹೆಸರು ತುಂಬಿದರು, ಗುರುವಾರ ಆರಿಸಿದರು. ಎಲ್ಲೂ ತಡವರಿಸಲಿಲ್ಲ. 'ನಿಮ್ಮ ದಿನ ಖಚಿತವಾಗಿದೆ' ಎಂದು ಹಸಿರು ಅಕ್ಷರ ಮೂಡಿತು.

"ಆತಲ್ಲ ಮೇಡಂ?"

ಬಳಸುವವರು ಏನಾದರೂ ಕೇಳಿದರೆ ನಾವು ಉತ್ತರ ಹೇಳಬಾರದು, ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕು. ನಮ್ಮ ಕಸುಬಿನ ಪದ್ಧತಿ ಅದು.

"ನಿಮಗೇನನ್ನಿಸುತ್ತೆ?" ಎಂದೆ.

"ಆತ್" ಎಂದು ನಕ್ಕರು. ಕೆಲಸ ಸಲೀಸಾದ ಖುಷಿಗೆ ನಗುತ್ತಿದ್ದಾರೆಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ಗುರುವಾರ ಆಸ್ಪತ್ರೆಗೆ ವರದಿ ಒಪ್ಪಿಸಲು ಮಡಿಕೇರಿಯಿಂದ ಮಂಗಳೂರು ಬಸ್ಸು ಹತ್ತಿದೆ. ಘಟ್ಟದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಡ್ರೈವರು ತಿರುವು ತಿರುವಿಗೂ ಹಾರ್ನ್ ಹೊಡೆಯುತ್ತಿದ್ದ. ಸಂಪಾಜೆಯಲ್ಲಿ ಇಬ್ಬರು ಹತ್ತಿದರು. ಮೋನಪ್ಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕುಸುಮಕ್ಕನ ಕೈಯಲ್ಲಿ ಎಕ್ಸ್‌ರೇ ಕವರಿತ್ತು.

"ನೀವೂ ಆಸ್ಪತ್ರೆಗೇನಾ ಮೇಡಂ? ಜೊತೆ ಆತ್" ಎಂದು ಅವರು ನನ್ನ ಮುಂದಿನ ಸೀಟಿನಲ್ಲಿ ಕೂತರು. ಅದು ಅವರು ನನ್ನ ಮಾದರಿ ಪುಟದಲ್ಲಿ ಆರಿಸಿದ್ದ ಗುರುವಾರ.

ಸುಳ್ಯ ಬರುವವರೆಗೂ ವರದಿಯ ಹಾಳೆ ತಿರುವಿದೆ. ಆಮೇಲೆ ಹೇಳಿದೆ. ಆ ಪುಟ ನಿಜವಾದದ್ದಲ್ಲ, ದಿನ ಬುಕ್ ಆಗಿಲ್ಲ ಎಂದೆ. ಕುಸುಮಕ್ಕ ಸೀಟಿನಲ್ಲೇ ಪೂರ್ತಿ ನನ್ನ ಕಡೆ ತಿರುಗಿದರು.

"ಪರೀಕ್ಷೆ ಪುಟಕ್ಕೇಂತ ಹೇಳಿದ್ರಿ. ಪುಟ ಪಾಸಾತಲ್ಲ. ಹಂಗಾರೆ ನಮ್ಮ ದಿನ ಎಲ್ಲಿಗೆ ಹೋತ್?"

ಆ ಪುಟ ಮುಚ್ಚಿದ ಕ್ಷಣವೇ ಅವರು ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಹಾಗೆಂದು ಹೇಳಲು ನನಗೆ ನಾಚಿಕೆಯಾಯಿತು.

"ಹೊರಟಾತ್. ಹೋಗಿ ಕೇಳುವ" ಎಂದರು ಮೋನಪ್ಪಣ್ಣ, ಕಿಟಕಿಯಾಚೆ ನೋಡುತ್ತ.

ಆಸ್ಪತ್ರೆಯ ಕೌಂಟರಿನಲ್ಲಿ ಅವರ ಹೆಸರಿರಲಿಲ್ಲ. ನಾನೂ ಗೋಗರೆದೆ. ಇವತ್ತು ಭರ್ತಿಯಾಗಿದೆ, ಮುಂದಿನ ತಿಂಗಳ ಕೊನೆಗೆ ಬನ್ನಿ ಎಂದು ಚೀಟಿ ಕೊಟ್ಟರು. ಮಹಡಿಯ ಮೇಲೆ ಆಸ್ಪತ್ರೆಯ ಆಡಳಿತದವರು ನನ್ನ ವರದಿಗಾಗಿ ಕಾಯುತ್ತಿದ್ದರು. ಅಲ್ಲಿ ಕುಸುಮಕ್ಕನ ವಿಡಿಯೋ ತೋರಿಸಿ ನಡೆದದ್ದನ್ನೂ ಹೇಳಿದೆ. "ಪಾಪ" ಎಂದರು ಒಬ್ಬರು. "ಆದ್ರೆ ನೋಡಿ, ಎಷ್ಟು ಸಲೀಸಾಗಿ ಮಾಡಿದಾರೆ" ಎಂದು ಇನ್ನೊಬ್ಬರು ಆ ತುಣುಕನ್ನು ಮತ್ತೆ ಹಾಕಿಸಿದರು. 'ಆತ್' ಎನ್ನುವ ಆ ನಗು ಗೋಡೆಯ ಪರದೆಯ ತುಂಬ ಮೂಡಿತು.

ಕೆಳಗೆ ಬಂದಾಗ ಅವರಿಬ್ಬರೂ ಹೃದಯದ ಡಾಕ್ಟರ ಬಾಗಿಲೆದುರಿನ ಬೆಂಚಿನಲ್ಲೇ ಇದ್ದರು.

"ಯಾರಾದ್ರೂ ಬಾರದಿದ್ರೆ ನಮ್ಮನ್ನ ಕರೀಬಹುದಾ ಮೇಡಂ?" ಎಂದು ಕೇಳಿದರು ಕುಸುಮಕ್ಕ.

ಅಭ್ಯಾಸಬಲದಿಂದ 'ನಿಮಗೇನನ್ನಿಸುತ್ತೆ?' ಎಂಬ ಅದೇ ಪ್ರಶ್ನೆ ತುಟಿಗೆ ಬಂತು. ನುಂಗಿಕೊಂಡೆ.

"ಇಲ್ಲ ಅಕ್ಕ. ಕರೆಯಲ್ಲ."

ಅವರು ತಲೆಯಾಡಿಸಿದರು, ಆದರೆ ಏಳಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದೆ. ನರ್ಸು ಒಳಗಿನಿಂದ ಬಂದು ಯಾರದೋ ಹೆಸರು ಕರೆದಳು. ಮೋನಪ್ಪಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು.