ಗುಂಡಿ ಒತ್ತಿದರೂ ಬಾರದ ಸದ್ದು

ಅವರ ಬಲಗೈ ಹೆಬ್ಬೆರಳ ತುದಿಯಲ್ಲಿ, ಬೆಸುಗೆ ಕಡ್ಡಿ ತಾಗಿ ಸುಟ್ಟ, ಉದ್ದಿನಕಾಳಿನಷ್ಟು ಕಪ್ಪು ಕಲೆ. ಕಾರ್ಕಳದಲ್ಲಿ ಕಂಪ್ಯೂಟರ್ ಸರಿಮಾಡುತ್ತಿದ್ದ ಅವರನ್ನು ನಾವು ರಿಪೇರಿಯವರು ಎಂದೇ ಕರೆಯುತ್ತಿದ್ದೆವು. ಯಾರ ಮನೆಗೆ ಹೋದರೂ "ಕೂರಬಹುದಾ?" ಎಂದು ಕೇಳದೆ ಕಂಪ್ಯೂಟರಿನ ಮುಂದೆ ಕೂತವರಲ್ಲ. ಕರವಸ್ತ್ರದಲ್ಲಿ ಕೈ ಒರೆಸಿಕೊಂಡ ಮೇಲೆಯೇ ಕೀಲಿಮಣೆ ಮುಟ್ಟುವುದು.

ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಬಲಗೈಯ ಎರಡು ಬೆರಳು ಮಾತ್ರ ಆಡುತ್ತಿದ್ದವು. ಗಂಟಲಲ್ಲಿ ಕಫ ಕಟ್ಟಿದರೆ ಕೂಡಲೇ ತೆಗೆಯಬೇಕು, ಕರೆಯಲು ದನಿಯಿಲ್ಲ. ರಿಪೇರಿಯವರು ಕಂಪ್ಯೂಟರ್ ಆಟದ ಹಳೆಯ ಜಾಯ್‌ಸ್ಟಿಕ್ಕಿನಿಂದ ದೊಡ್ಡದೊಂದು ಗುಂಡಿ ಮಾಡಿ, ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ ಲ್ಯಾಪ್‌ಟಾಪಿಗೆ ಜೋಡಿಸಿದರು. ಒತ್ತಿದರೆ ಅಡುಗೆಮನೆಯ ಸ್ಪೀಕರ್ ಕೂಗುತ್ತಿತ್ತು. "ಇದರೊಳಗೆ ಇವರದ್ದೊಂದು ಖಾತೆ, ನಿಮ್ಮದೊಂದು. ಬೇರೆ ಬೇರೆ ಇದ್ದರೆ ಅಚ್ಚುಕಟ್ಟು ಅಕ್ಕ," ಎಂದಿದ್ದರು.

ಒಂದು ಬೆಳಿಗ್ಗೆ ಗ್ಯಾಸ್ ಬುಕ್ ಮಾಡಲೆಂದು ನಾನು ಇವರ ಖಾತೆ ಮುಚ್ಚದೆ ನನ್ನದಕ್ಕೆ ಹೋದೆ. ಹಿಂದೆ ಅದು ನಡೆಯುತ್ತಲೇ ಇರುತ್ತದೆಂದು ನಂಬಿ, ಹಾಗೆಯೇ ಬಿಟ್ಟು ಬಂಗುಡೆ ಮೀನು ತೊಳೆಯಲು ಕೂತೆ. ಸದ್ದಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡೆ. ಗಂಜಿ ಹಿಡಿದು ಒಳಗೆ ಹೋದರೆ ತುಟಿ ನೀಲಿ, ಕಣ್ಣು ಮೇಲೆ ಸಿಕ್ಕಿಕೊಂಡಿದೆ, ಎರಡು ಬೆರಳು ಮಾತ್ರ ಗುಂಡಿ ಒತ್ತುತ್ತಲೇ ಇವೆ. ಕಫ ಎಳೆಯುವ ನಳಿಕೆ ನನ್ನ ಕೈಯಿಂದ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಉಸಿರು ಬಂತು.

ರಿಪೇರಿಯವರಿಗೆ ಫೋನ್ ಮಾಡಿದೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದೊಳಗೆ ಕಾಪುವಿನ ನಮ್ಮ ಮನೆಗೆ ಬಂದರು. ಪರದೆಯಲ್ಲಿ ನನ್ನ ಹೆಸರು ಕಂಡದ್ದೇ ಅವರ ಮುಖ ಬಿಳಿಚಿತು.

"ತಪ್ಪು ನನ್ನದು ಅಕ್ಕ. ಪರದೆಯ ಮುಂದೆ ಯಾರ ಖಾತೆ ಉಂಟೋ ಅವರಿಗೆ ಮಾತ್ರ ಈ ಲ್ಯಾಪ್‌ಟಾಪ್ ಗುಂಡಿ ಬಳಸಲು ಅನುಮತಿ ಕೊಡುವುದು. ನೀವು ಬಂದ ಕೂಡಲೇ ಇವರಿಂದ ತೆಗೆದು ನಿಮಗೆ ಕೊಟ್ಟಿತು. ಮತ್ತೆ ಇವರು ಎಷ್ಟು ಒತ್ತಿದರೂ ಇವರ ಪ್ರೋಗ್ರಾಮಿಗೆ ಕೇಳುವುದಿಲ್ಲ."

"ಮನೆಯಲ್ಲಿರುವುದು ನಾವಿಬ್ಬರೇ ಮಾರಾಯ್ರೆ. ಇಬ್ಬರಿಗೂ ಎಲ್ಲದಕ್ಕೂ ಅನುಮತಿ ಕೊಟ್ಟುಬಿಡಿ."

"ಎಲ್ಲದಕ್ಕೂ ಅಂದರೆ ಕೀಲಿಮಣೆಯೂ ಬಂತು. ನಾಳೆ ಇವರ ಖಾತೆಗೆ ಎಂತದೋ ಕೆಟ್ಟ ಪ್ರೋಗ್ರಾಮ್ ಹೊಕ್ಕರೆ ನೀವು ಒತ್ತುವ ಪಾಸ್‌ವರ್ಡನ್ನೂ ಓದುತ್ತದೆ. ಆ ಹೆದರಿಕೆಗೇ ಅಲ್ವಾ ಲಿನಕ್ಸ್ ಮಾಡಿದವರು ಹೀಗೆ ಮಾಡಿಟ್ಟದ್ದು."

"ನನ್ನ ಹೆದರಿಕೆ ಬೇರೆ," ಎಂದೆ.

ಅವರು ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡರು. ಆ ಗುಂಡಿಯೊಂದಕ್ಕೇ ಪ್ರತ್ಯೇಕ ನಿಯಮ ಬರೆದರು. ಕೂಗುವ ಪ್ರೋಗ್ರಾಮನ್ನು ಯಾರ ಖಾತೆಗೂ ಅಂಟಿಸದೆ, ಲ್ಯಾಪ್‌ಟಾಪ್ ಶುರುವಾದಾಗಲೇ ಶುರುವಾಗುವಂತೆ ಮಾಡಿದರು. ನಾಲ್ಕು ಸಲ ಖಾತೆ ಬದಲಿಸಿ, ನಾಲ್ಕು ಸಲವೂ ಇವರಿಂದಲೇ ಒತ್ತಿಸಿದರು. ಪ್ರತಿ ಸಲವೂ ಸದ್ದು ಬರುವವರೆಗೆ ಅಡುಗೆಮನೆಯ ಕಡೆಗೇ ಕಿವಿಗೊಟ್ಟು ನಿಂತಿದ್ದರು.

ಗುಂಡಿ ಸರಿಯಾಯಿತು, ಭಯ ಹೋಗಲಿಲ್ಲ. ಒಲೆಯ ಮುಂದೆ ನಿಂತು ಸದ್ದಿಲ್ಲದಿದ್ದರೆ ಓಡಿಹೋಗಿ ಇಣುಕುತ್ತಿದ್ದೆ. ರಿಪೇರಿಯವರಿಗೂ ಹಾಗೆಯೇ ಇರಬೇಕು. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಅವರ ಫೋನ್: "ಇವತ್ತು ಒತ್ತಿಸಿದಿರಾ?"

"ನಮ್ಮಲ್ಲಿ ಕೋಳಿ ಸಾಕುವುದೇ ಬೇಡ, ನೀವಿದ್ದೀರಲ್ಲ," ಎಂದು ಒಮ್ಮೆ ತಮಾಷೆ ಮಾಡಿದೆ.

"ನಗಿ ಅಕ್ಕ. ಮೊದಲು ಒತ್ತಿಸಿ, ಮತ್ತೆ ನಗಿ."

ಕಳೆದ ಮಳೆಗಾಲದಲ್ಲಿ ಒಂದು ದಿನ ಏಳಾದರೂ ಫೋನ್ ಬರಲಿಲ್ಲ. ಎಂಟಕ್ಕೆ ನಾನೇ ಮಾಡಿದೆ. ತೆಗೆದವರು ಅವರ ತಂಗಿ. ಬೆಳಿಗ್ಗೆ ಎದ್ದು ಕೂತವರು ಎದೆ ಹಿಡಿದುಕೊಂಡು ಅಲ್ಲಿಯೇ ಹೋಗಿಬಿಟ್ಟರಂತೆ.

ಇವರು ಮಲಗಿದಲ್ಲಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಗುಂಡಿಯನ್ನು ಬೆರಳಡಿಗೆ ಸರಿಸಿ "ಒಮ್ಮೆ ಒತ್ತಿ" ಎಂದೆ. ಅಡುಗೆಮನೆಯಲ್ಲಿ ಸ್ಪೀಕರ್ ಕೂಗಿತು. ಆಮೇಲೆ ಸುದ್ದಿ ಹೇಳಿದೆ.